ಮಿಡ್ಲ್‌ಟನ್ ದೊರೆ ತೋಟದ ವಿಳಾಸ

೧೨ ನವೆಂಬರ್ ೨೦೦೨, ಮಂಗಳವಾರ

ಸಕ್ಕರೆ ನೂರ ಎಂಬತ್ತು. ಮತ್ತೆ ಏರಿದೆ. ಡಾಕ್ಟರ್ ಬೈದರು, ವಾಪಸ್ ನಾನೂ ಬೈದೆ. ನಲ್ಲಿಯಲ್ಲಿ ನೀರು ಬಂದದ್ದು ಹತ್ತೂವರೆಗೆ.

ಪಾಸ್‌ಪೋರ್ಟ್ ಬಂತು. ಪೋಸ್ಟ್‌ಮ್ಯಾನ್ ನಂಜುಂಡಯ್ಯ ಗೇಟಲ್ಲೇ ನಿಂತು ಕೂಗಿದ— "ಗಂಗಾಮಣಿ ಮೇಡಮ್ಮೋರು ಫಾರಿನ್ನಿಗೆ ಹೊಂಟವ್ರೆ ಕಣ್ರಪ್ಪೋ!" ಬೀದಿಗೆಲ್ಲ ಗೊತ್ತಾಯಿತು. ಅವನ ಬಾಯಿಗೆ ಮಣ್ಣು ಹಾಕ. ಫೋಟೋದಲ್ಲಿ ಕಳ್ಳಿಯ ಹಾಗಿದ್ದೇನೆ.

ಸಿಲೋನಿಗೆ. ಅಲ್ಲಿ ಈಗ ಗುಂಡು ನಿಂತಿದೆಯಂತೆ. ಲಿಂಗಮ್ಮಕ್ಕನನ್ನು ಹುಡುಕಬೇಕು. ಇದ್ದರೆ ಎಪ್ಪತ್ತೈದು. ಇದ್ದರೆ.

ಐವತ್ತಮೂರರಲ್ಲಿ ಹೋದದ್ದು. ಮಿಡ್ಲ್‌ಟನ್ ದೊರೆ ವನಗೂರಿನ ಎಸ್ಟೇಟ್ ಮಾರಿ ಸಿಲೋನಿನಲ್ಲಿ ಟೀ ತೋಟ ತೆಗೆದುಕೊಂಡ. ಅಡುಗೆಯ ಕುಳ್ಳಯ್ಯ ಭಾವನನ್ನೂ ಕರೆದುಕೊಂಡು ಹೋದ. ಭಾವನ ಹಿಂದೆ ಅಕ್ಕ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು. ನನಗೆ ಹದಿಮೂರು. ಲಾರಿಯ ಹಿಂದೆ ದೋಣಿಗಲ್ ತಿರುವಿನ ತನಕ ಓಡಿದ್ದೆ.

೧೫ ನವೆಂಬರ್

ಪೆಟ್ಟಿಗೆ ತೆಗೆದೆ. ಭಾವನ ಕೊನೆಯ ಕಾಗದ, ಮಾರ್ಚ್ ೮೩. "ನಿಮ್ಮ ಅಕ್ಕನ ಕಣ್ಣು ಮಂಜಾಗಿದೆ. ಪೂರ್ತಿ ಹೋಗುವ ಮುಂಚೆ ನಿನ್ನ ಮುಖ ನೋಡಬೇಕಂತೆ. ಒಂದು ಸಲ ಬಂದು ಹೋಗು." ನಾನು ಉತ್ತರ ಹಾಕಿದ್ದು ಆಗಸ್ಟ್‌ನಲ್ಲಿ. ರಜೆ ಸಿಗಲ್ಲ ಎಂದು ಬರೆದೆ. ರಜೆ ಇತ್ತು. ಹೆದರಿಕೆ. ಅಷ್ಟರಲ್ಲಿ ಅಲ್ಲಿ ಗಲಾಟೆ, ಬೆಂಕಿ. ಆಮೇಲೆ ಒಂದು ಕಾಗದವೂ ಇಲ್ಲ.

ವಿಳಾಸ ಅದೇ— ಮಿಡ್ಲ್‌ಟನ್ ದೊರೆ ತೋಟ, ಹ್ಯಾಟನ್ ಪೋಸ್ಟ್. ಮೂವತ್ತು ವರ್ಷ ಅದೇ ವಿಳಾಸಕ್ಕೆ ಕಾಗದ ಮುಟ್ಟಿದೆ.

೨೦ ನವೆಂಬರ್

ತಮ್ಮನ ಮಗಳು ಶೃತಿ ಹಾಸನದಿಂದ ಬಂದಳು. ಟೂರ್ ಕಂಪನಿಯ ಬಣ್ಣದ ಪುಸ್ತಕ. ಏಳು ದಿನ. ಜೊತೆಗೇ ಅಡುಗೆಯವರು ಬರುತ್ತಾರೆ, ಕನ್ನಡ ಮಾತಾಡುವ ಮ್ಯಾನೇಜರ್, ಹೊತ್ತು ಹೊತ್ತಿಗೆ ಊಟ. "ಅತ್ತೆ, ನಿನ್ ಶುಗರ್ ಇಟ್ಕೊಂಡು ಒಬ್ಳೇ ಎಲ್ ಅಲೀತೀಯ? ಹ್ಯಾಟನ್ ಮೇಲೇ ಬಸ್ ಹೋಗ್ತದೆ, ಅಲ್ಲೇ ಇಳ್ಕೊಂಡ್ ವಿಚಾರಿಸ್ಬೋದು."

ಸಂಜೆ ಜಬ್ಬಾರ್ ಅಂಗಡಿಗೆ ಹೋದೆ. ಏಲಕ್ಕಿ, ಮೆಣಸಿನ ವ್ಯಾಪಾರ. ವರ್ಷಕ್ಕೆ ಎರಡು ಸಲ ಕೊಲಂಬೋಗೆ ಹೋಗಿ ಬರುತ್ತಾನೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸದಲ್ಲಿದ್ದಾಗ ಅವರಪ್ಪನ ಟ್ರಂಕ್ ಕಾಲ್‌ಗಳನ್ನೆಲ್ಲ ನಾನೇ ಹಾಕಿಕೊಟ್ಟದ್ದು. ಅವನದು ಬೇರೆ ಮಾತು.

"ಟೂರ್ ಬ್ಯಾಡ ಅಕ್ಕ. ಅವ್ರು ತೋರ್ಸಿದ್ದು ನೋಡ್ಬೇಕು, ಅವ್ರು ಏಳು ಅಂದಾಗ ಏಳ್ಬೇಕು. ನೀವೇನ್ ಊರ್ ನೋಡಾಕೆ ಹೋಯ್ತಿದೀರಾ? ಕೊಲಂಬೋದಲ್ಲಿ ನಮ್ ಮಾಲ್ ತಗೊಳೋ ಪಾರ್ಟಿ ಮನೆ ಐತೆ, ಹೆಂಗಸ್ರು ಮಕ್ಳು ಎಲ್ಲ ಅವ್ರೆ. ವ್ಯಾನ್ ಕೊಡ್ತಾರೆ. ಸಿಗೋವರ್ಗೂ ಹುಡ್ಕಿ. ಬೇಕಾರೆ ನಮ್ ಹುಸ್ನಾನೂ ಜೊತೆಗ್ ಬತ್ತಾಳೆ."

ಹುಸ್ನಾ ಅವನ ಹೆಂಡತಿ. ಚಹಾ ಕೊಟ್ಟಳು, ಸಕ್ಕರೆ ಇಲ್ಲದ್ದು. ನೆನಪಿಟ್ಟಿದ್ದಾಳೆ.

೩ ಡಿಸೆಂಬರ್

ಟೂರ್‌ಗೆ ಹೆಸರು ಕೊಟ್ಟೆ.

ಯಾಕೆ? ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. ಒಂದು, ಹೆದರಿಕೆ. ಭಾಷೆ ಬರದ ಊರಲ್ಲಿ ತಲೆ ತಿರುಗಿ ಬಿದ್ದರೆ? ಎರಡು... ಪಕ್ಕದ ರಾಜಲಕ್ಷ್ಮಮ್ಮ ಕೇಳಿದಳು— "ಅವ್ರ ಮನೇಲಿ ಉಳ್ಕೋತೀರಾ? ಅವ್ರ ಮನೇಲಿ ಉಣ್ತೀರಾ?" ನಾನು ಥೂ ಅನ್ನಬೇಕಿತ್ತು. ಸುಮ್ಮನಿದ್ದೆ. ಮೂವತ್ತಮೂರು ವರ್ಷ ಊರಿನ ಎಲ್ಲ ಜಾತಿಯ ಸುಖದುಃಖ ಈ ಕಿವಿಯಲ್ಲಿ ಹಾದು ಹೋಗಿದೆ, ಆದರೂ ಸುಮ್ಮನಿದ್ದೆ. ನಾಚಿಕೆಯಾಗುತ್ತದೆ.

ಜಬ್ಬಾರ್‌ಗೆ ಶುಗರ್ ನೆಪ ಹೇಳಿದೆ. "ಆಯ್ತಕ್ಕ, ಹುಷಾರಾಗ್ ಹೋಗ್ಬನ್ನಿ" ಅಂದ. ಮುಖ ನೋಡಲಿಲ್ಲ. ತೂಕದ ತಟ್ಟೆ ಒರೆಸುತ್ತಿದ್ದ.

೧೬ ಜನವರಿ ೨೦೦೩, ನುವಾರ ಎಲಿಯ, ಸಿಲೋನ್

ಚಳಿ. ನಮ್ಮ ಕಡೆಯದೇ ಚಳಿ, ಗುಡ್ಡವೂ ನಮ್ಮದರ ಹಾಗೇ. ಅದೇ ಹೊಟ್ಟೆ ಉರಿಸುತ್ತದೆ.

ಹ್ಯಾಟನ್‌ನಲ್ಲಿ ಬಸ್ ನಿಲ್ಲಲಿಲ್ಲ! ಮುಂದಿನ ಸೀಟಿಗೆ ಹೋಗಿ ಮ್ಯಾನೇಜರ್ ಗುರುವಿಗೆ ಹೇಳಿದೆ, ಆಮೇಲೆ ಜಗಳವಾಡಿದೆ. "ಮೇಡಂ, ಮಿಡ್ಲ್‌ಟನ್ ಅನ್ನೋ ಎಸ್ಟೇಟೇ ಲಿಸ್ಟಲ್ಲಿಲ್ಲ. ಡ್ರೈವರ್ರೂ ಕೇಳಿಲ್ವಂತೆ. ಮೂವತ್ತೆಂಟು ಜನರನ್ನ ಹೆಂಗ್ ಕಾಯಿಸ್ಲಿ ಹೇಳಿ? ಮುಂದೆ ಟೀ ಫ್ಯಾಕ್ಟರಿ ಇದೆ, ಅಲ್ ವಿಚಾರ್ಸಿ." ಹಿಂದಿನಿಂದ ಯಾರೋ— ಈ ಅಜ್ಜಿದೊಂದು ರಗಳೆ.

ಟೀ ಫ್ಯಾಕ್ಟರಿ. ನಲವತ್ತು ನಿಮಿಷ. ಎಲ್ಲರೂ ಯಂತ್ರ ನೋಡಲು ಹೋದರು. ನಾನು ಜಗುಲಿಯಲ್ಲಿ ಕೂತೆ, ಕಾಲು ಊದಿತ್ತು. ಅಂಗಡಿಯ ಹುಡುಗಿಯನ್ನು ಕೇಳಿದೆ, ತಲೆ ಆಡಿಸಿದಳು, ಗೊತ್ತಿಲ್ಲ. ಫ್ಯಾಕ್ಟರಿಯ ಹಿಂದೆ ಕಲ್ಲಿನ ಮೆಟ್ಟಿಲು, ಮೇಲೆ ಆಳುಗಳ ಲೈನ್ ಮನೆ, ತಗಡಿನ ಸೂರು. ಅಲ್ಲಿ ತಮಿಳರಿರುತ್ತಾರೆ, ಹತ್ತಿ ಕೇಳಲೇ ಅನ್ನಿಸಿತು. ತಮಿಳು ಅಷ್ಟಿಷ್ಟು ಬರುತ್ತದೆ. ಎದ್ದು ನಿಂತೆ. ಐದು ಮೆಟ್ಟಿಲು ಹತ್ತಿದೆ. ಬಸ್ ಹಾರ್ನ್ ಹೊಡೆಯಿತು. ಇಳಿದೆ.

ಟೀ ಚೆನ್ನಾಗಿತ್ತು. ಜಬ್ಬಾರ್‌ಗೆ ಒಂದು ಪ್ಯಾಕೆಟ್ ತೆಗೆದುಕೊಂಡೆ.

೨೪ ಜನವರಿ

ಸಕಲೇಶಪುರ. ಜಬ್ಬಾರ್‌ಗೆ ಪ್ಯಾಕೆಟ್ ಕೊಟ್ಟೆ. "ಸಿಕ್ಕಿದ್ರಾ?" ಎಂದ. ಇಲ್ಲ ಅಂದೆ. ಪ್ಯಾಕೆಟ್ಟನ್ನು ಪಕ್ಕಕ್ಕಿಟ್ಟು ಏಲಕ್ಕಿ ತೂಗತೊಡಗಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

೨ ಫೆಬ್ರವರಿ

ಬರೆಯಲು ಏನೂ ಇಲ್ಲ.

೯ ಜೂನ್, ಸೋಮವಾರ

ನಿಧಾನವಾಗಿ ಬರೆಯುತ್ತೇನೆ.

ಜಬ್ಬಾರ್ ನಿನ್ನೆ ಕೊಲಂಬೋದಿಂದ ಬಂದ. ಇವತ್ತು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದರು. ಜಬ್ಬಾರ್ ನಾನು ಕೊಟ್ಟ ಟೀ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟ. ಖಾಲಿಯದು. ಗ್ಲೆನ್‌ವಾರಿ ಟೀ ಎಂದು ಬರೆದಿದೆ.

"ಅಕ್ಕ, ಇದೇ ಮಿಡ್ಲ್‌ಟನ್ ದೊರೆ ತೋಟ."

ಹ್ಯಾಟನ್ ಪೋಸ್ಟಾಫೀಸಿನಲ್ಲಿ ರಿಟೈರಾದ ಮುದುಕನನ್ನು ಹುಡುಕಿ ಕೇಳಿದನಂತೆ. ಅವನು ನಕ್ಕನಂತೆ. ದೊರೆಯ ಹೆಸರಿನಲ್ಲಿ ಕರೆಯುತ್ತಿದ್ದದ್ದು ಲೈನಿನವರು, ಪೋಸ್ಟಿನವರು. ಬೋರ್ಡಿನಲ್ಲಿ, ಲಿಸ್ಟಿನಲ್ಲಿ ಮೊದಲಿಂದಲೂ ಗ್ಲೆನ್‌ವಾರಿ.

ನನಗೆ ಹೊಳೆಯಬೇಕಿತ್ತು. ನಮ್ಮ ಊರಲ್ಲಿ ಯಾವ ತೋಟವನ್ನು ಯಾರು ಬೋರ್ಡಿನ ಹೆಸರಿಂದ ಕರೆದಿದ್ದಾರೆ? ದೊರೆ ಸತ್ತು, ತೋಟ ಮೂರು ಕೈ ಬದಲಾಗಿದ್ದರೂ ದೊರೆ ತೋಟವೇ. ಎಕ್ಸ್‌ಚೇಂಜಿನಲ್ಲಿ ದಿನಾ ಎಸ್ಟೇಟಿನ ಎರಡೆರಡು ಹೆಸರು ಹೇಳಿ ಲೈನ್ ಕೊಟ್ಟವಳು ನಾನು. ಸ್ವಂತ ಅಕ್ಕನ ವಿಷಯಕ್ಕೆ ಬುದ್ಧಿ ಎಲ್ಲಿ ಹೋಗಿತ್ತು...

"ಇದಾಳಾ?" ಅಂದೆ.

"ಅವ್ರೆ ಅಕ್ಕ. ಫ್ಯಾಕ್ಟರಿ ಹಿಂದೆ ಮೆಟ್ಲು ಐತಲ್ಲ, ಅದನ್ ಹತ್ತಿದ್ರೆ ಮೂರ್ನೇ ಮನೆ. ಕಣ್ಣು ಪೂರ್ತಿ ಹೋಗ್ಬುಟೈತೆ. ಕನ್ನಡ ಕೇಳಿದ್ದೇ ನನ್ ಕೈ ಹಿಡ್ಕೊಂಡೋರು ಬಿಡ್ಲೇ ಇಲ್ಲ."

ಅದೇ ಮೆಟ್ಟಿಲು. ಐದು ಹತ್ತಿ ಇಳಿದದ್ದು.

ಭಾವ ಎಂಬತ್ತಮೂರರಲ್ಲೇ ಹೋದರಂತೆ, ಎದೆನೋವು. ಆಮೇಲೆ ಬರೆಯುವವರಿಲ್ಲ. ನನ್ನ ಆಗಸ್ಟ್ ಕಾಗದ ಅವರು ಹೋದ ಮೇಲೆ ತಲುಪಿದೆ. ಓದುವವರೂ ಇಲ್ಲ. ಒಡೆಯದೆ ಇಟ್ಟುಕೊಂಡಿದ್ದಾಳಂತೆ, ಇಪ್ಪತ್ತು ವರ್ಷ. "ನಾನ್ ಓದಿ ಹೇಳ್ಲಾ ಅಂದೆ ಅಕ್ಕ. ಬ್ಯಾಡ, ಗಂಗಿನೇ ಬಂದು ಓದ್ಲಿ ಅಂದ್ರು."

ರಜೆ ಸಿಗಲ್ಲ ಎಂದು ಬರೆದ ಕಾಗದ.

ಜನವರಿಯಲ್ಲಿ ನಾನು ಅಲ್ಲಿಗೆ ಹೋಗಿದ್ದನ್ನು ಅಕ್ಕನಿಗೆ ಹೇಳಿದೆಯಾ ಎಂದು ಜಬ್ಬಾರ್‌ನನ್ನು ಕೇಳಿದೆ. ಹುಸ್ನಾ ಹೇಳಿದಳು— "ಸುಳ್ ಹೇಳಕ್ಕೆ ಬಾಯಿ ಬರ್ಲಿಲ್ವಂತೆ ಅಕ್ಕ."

"ಏನಂದ್ಲು?"

"'ಕೆಳಗ್ ಬಂದು ಟೀ ಕುಡ್ಕೊಂಡ್ ಹೋದ್ಲಾ ನಮ್ ಗಂಗಿ?' ಅಂದ್ರಂತೆ. ಆಮ್ಯಾಕೆ, 'ಬೆಲ್ಲ ಜಾಸ್ತಿ ಹಾಕ್ಸ್ಕೊಂಡ್ಲೇನಪ್ಪ? ಚಿಕ್ಕೋಳಿದ್ದಾಗ ಬೆಲ್ಲ ಜಾಸ್ತಿ ಬೇಕು ಅಂತ ಅಳೋಳು' ಅಂದ್ರಂತೆ."

ಅತ್ತುಬಿಟ್ಟೆ. ಹುಸ್ನಾ ತಬ್ಬಿಕೊಂಡಳು. ಮಧ್ಯಾಹ್ನ ಅವರ ಮನೆಯಲ್ಲೇ ಉಂಡೆ. ರಾಜಲಕ್ಷ್ಮಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ನೋಡಲಿ.

೧೦ ಜೂನ್

ಟಿಕೆಟ್ ೨೭ಕ್ಕೆ. ನಾನು, ಹುಸ್ನಾ. ಟೂರಿಲ್ಲ, ಮ್ಯಾನೇಜರ್ ಇಲ್ಲ. ಶೃತಿ ಫೋನಿನಲ್ಲಿ ಕೂಗಾಡಿದಳು. ಇಟ್ಟುಬಿಟ್ಟೆ. ಕಾಗದವನ್ನು ನಾನೇ ಓದಬೇಕು. ಬರೆದದ್ದನ್ನೇ ಓದಲೇ? ಇಲ್ಲ, ಬರುತ್ತೇನೆ ಅಕ್ಕ ಎಂದು ಬರೆದಿದ್ದೆ ಅಂತ ಓದಲೇ? ಕಣ್ಣಿಲ್ಲದವಳಿಗೆ ಏನು ಗೊತ್ತಾಗುತ್ತದೆ.

ಬರೆದದ್ದನ್ನೇ ಓದುತ್ತೇನೆ. ಬೈಸಿಕೊಳ್ಳುತ್ತೇನೆ.

೧೨ ಜೂನ್

ಜಬ್ಬಾರ್ ಎಸ್ಟೇಟ್ ಆಫೀಸಿನ ನಂಬರ್ ತಂದಿದ್ದಾನೆ. ಎರಡು ದಿನದಿಂದ ಲೈನ್ ಸಿಕ್ಕಿಲ್ಲ. ಅಲ್ಲೂ ಮಳೆಯಂತೆ. ಅಕ್ಕನಿಗೆ ಕೆಮ್ಮು ಇತ್ತು, ಅನ್ನ ಸೇರುತ್ತಿರಲಿಲ್ಲ ಎಂದು ಇವತ್ತು ಬಾಯಿಬಿಟ್ಟ. ಮೊದಲೇ ಹೇಳಬಾರದಿತ್ತಾ ಮಾರಾಯ.

೧೩ ಜೂನ್, ಶುಕ್ರವಾರ, ಬೆಳಿಗ್ಗೆ ೧೧

ಜಬ್ಬಾರ್ ಅಂಗಡಿಯಿಂದ ಬಂದೆ. ಬರೆದಿಡಬೇಕು.

ಲೈನ್ ಸಿಕ್ಕಿತು. ಗುಮಾಸ್ತ, ತಮಿಳಿನವನು. ಕನ್ನಡದ ಲಿಂಗಮ್ಮ, ಮೂರನೇ ಮನೆ ಅಂದೆ. ಹೊಸಬನಂತೆ, ಗೊತ್ತಿಲ್ಲ, ಕರೆಸುತ್ತೇನೆ, ಹಿಡಿದುಕೊಂಡಿರಿ ಎಂದ. ಯಾರನ್ನೋ ಕಳಿಸಿದ.

ಹಿಡಿದುಕೊಂಡೆ. ಎಕ್ಸ್‌ಚೇಂಜಿನಲ್ಲಿ ಕಲಿತದ್ದೊಂದು— ಸಾವಿನ ಸುದ್ದಿ ಇರುವವರು ನೇರವಾಗಿ ಹೇಳುವುದಿಲ್ಲ. ಮೊದಲು ಆ ಕಡೆಯವರನ್ನು ಅಪ್ಪಾ ಎಂದೋ ಅಮ್ಮಾ ಎಂದೋ ಎರಡು ಸಲ ಕರೆಯುತ್ತಾರೆ. ಒಂದು ಸಲ ಕರೆದರೆ ದುಡ್ಡಿನ ವಿಷಯ, ಜಗಳದ ವಿಷಯ. ಎರಡು ಸಲವಾದರೆ ನಾನು ಹೆಡ್‌ಫೋನ್ ತೆಗೆದುಬಿಡುತ್ತಿದ್ದೆ.

ಆ ಕಡೆ ಗಡಿಯಾರದ ಸದ್ದು. ಮಳೆ. ಏನು ಹೇಳಲಿ ಅಂದುಕೊಂಡೆ. ಅಕ್ಕ, ನಾನು ಗಂಗಿ. ಬೆಲ್ಲ ಬಿಟ್ಟು ಹತ್ತು ವರ್ಷವಾಯಿತು ಕಣೇ. ಇಪ್ಪತ್ತೇಳಕ್ಕೆ ಬರುತ್ತೇನೆ, ಮೆಟ್ಟಿಲು ಪೂರ್ತಿ ಹತ್ತುತ್ತೇನೆ.

ಹೆಜ್ಜೆ ಸದ್ದು. ಕಣ್ಣಿಲ್ಲದ ಮುದುಕಿಯನ್ನು ಕೈಹಿಡಿದು ಕರೆತಂದರೆ ನಿಧಾನವಾಗಿರಬೇಕು. ಇದು ಬೇಗ ಬೇಗ, ಒಬ್ಬರದೇ. ಏನೋ ಪಿಸುಮಾತು. ಗುಮಾಸ್ತ ಫೋನ್ ಎತ್ತಿಕೊಂಡ.

"ಅಮ್ಮಾ," ಅಂದ. ಹೇಳಪ್ಪ ಅಂದೆ. ಹುಸ್ನಾ ನನ್ನ ಭುಜ ಹಿಡಿದಿದ್ದಳು.

"ಅಮ್ಮಾ..."