ಕೆಳಗೆ ಇನ್ನೂ ಒಬ್ಬರಿದ್ದಾರೆ

ಕೂಗಿದರೂ ಕೇಳದಷ್ಟು ದೂರ ಹೋದ ನನ್ನ ಅಪ್ಪನಿಗೆ,

ನೀನು ಹೋದ ದಿನ ಕಲ್ಲು ಕ್ವಾರಿಯಲ್ಲಿ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ "ಎಲ್ಲಾರೂ ಮ್ಯಾಲ ಬಂದ್ರೇನ್ರಲೇ?" ಎಂದು ಕೇಳಿದ್ದನಂತೆ. "ಬಂದೇವ್ರಿ" ಎಂದು ಗುಂಪು ಹೇಳಿತಂತೆ. ಮರೆತ ನೀರಿನ ಕೊಡ ತರಲು ನೀನು ಮತ್ತೆ ಇಳಿದದ್ದನ್ನು ಯಾರೂ ನೋಡಿರಲಿಲ್ಲ. ಬಂಡೆ ಸಿಡಿಸುವ ಮದ್ದಿನ ಬತ್ತಿ ಹಚ್ಚಿದರು. ಒಬ್ಬರಾದರೂ ಸುತ್ತ ನೋಡಿ, ಇವನೆಲ್ಲಿ ಎಂದು ಕೇಳಿದ್ದರೆ...

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟಾಗ, "ಬಾಯಿ ತೆರಿಯಾಕ ನಾಚತಿ, ಬೆರಳಿಗಾದ್ರೂ ಕೆಲಸಾ ಕಲಿಸು" ಎಂದು ಇಳಕಲ್ಲಿನ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗಿಗೆ ಕೂರಿಸಿದವನು ನೀನು. ನೀನು ಹೋದ ಮೇಲೆ ಆ ಅಂಗಡಿಯ ಹಳೆಯ ಕಂಪ್ಯೂಟರನ್ನು ಮನೆಗೆ ತಂದೆ. ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಒಂದು ಪ್ರೋಗ್ರಾಂ ಬರೆದೆ. ಕ್ವಾರಿಗೆ ಇಳಿದವರ ಹೆಸರು ಪರದೆಯ ಮೇಲೆ ಬರುತ್ತದೆ, ಮೇಲೆ ಬಂದವರ ಹೆಸರು ಅಳಿಸಿಹೋಗುತ್ತದೆ. ಕೊನೆಗೆ ಉಳಿದವರನ್ನು ಸ್ಪೀಕರ್ ಹೆಸರು ಹಿಡಿದು ಕರೆಯುತ್ತದೆ. ಪರೀಕ್ಷೆಗೆಂದು ನಾನು ಮೊದಲು ಬರೆದ ಹೆಸರು ಯಾರದಿರಬಹುದು, ಹೇಳು?

ರಮಜಾನ್ ಮಾಮಾ ನೆನಪಿದ್ದಾನಲ್ಲ, ನಿನ್ನ ಜೊತೆ ಡ್ರಿಲ್ ಹಿಡಿಯುತ್ತಿದ್ದವನು? ಈಗ ಹುನಗುಂದ ರಸ್ತೆಯ ಕ್ವಾರಿಯಲ್ಲಿದ್ದಾನೆ. ಅವನೇ ನನ್ನ ಪ್ರೋಗ್ರಾಂ ಅನ್ನು ತನ್ನ ಕ್ವಾರಿಯ ಆಫೀಸಿಗೆ ಒಯ್ದ. ಮರುದಿನವೇ ಫೋನು. "ಯವ್ವಾ, ನಿನ್ನ ಪರದೆ ಒಮ್ಮೆಲೇ ಮಾಯ ಆತು!" ಮನೆಯಲ್ಲಿ ಓಡಿಸಿ ನೋಡಿದೆ, ಏನೂ ಆಗಲಿಲ್ಲ. ಝೆರಾಕ್ಸ್ ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ಹಾಕಿದೆ, ಅಲ್ಲೂ ಹಾಗೇ ಪರದೆ ಮಾಯವಾಗಿ ಪ್ರೋಗ್ರಾಂ ಬಿತ್ತು. ತಿದ್ದಿದೆ, ಮತ್ತೆ ಬಿತ್ತು. ನಮ್ಮ ಮನೆಯಲ್ಲಿ ಮಾತ್ರ ಒಮ್ಮೆಯೂ ಬೀಳಲಿಲ್ಲ. ಇಲ್ಲಿ ಬದುಕುವುದು ಬೇರೆಯವರಲ್ಲಿ ಏಕೆ ಸಾಯುತ್ತಿತ್ತು?

ನಿನ್ನೆ ಕಣ್ಣಾರೆ ನೋಡಲು ಮಾಮಾನ ಕ್ವಾರಿಗೆ ಹೋಗಿ ಬಾಗಿಲ ಬಳಿ ನಿಂತೆ. ಮುಕಾದಮ ಸಂಗಣ್ಣ ಪರದೆಯ ಮುಂದಿದ್ದ. ಒಂದೊಂದೇ ಹೆಸರು ಅಳಿಯಿತು. ಕೊನೆಯದೂ ಅಳಿದ ಕೂಡಲೇ ಎಲ್ಲ ಮಾಯ. ಬಯ್ಯುತ್ತಾನೆ ಅಂದುಕೊಂಡೆ. ಅವನು ತೊಡೆ ತಟ್ಟಿ, "ಬಿತ್ತು! ಹಚ್ರಲೇ ಬತ್ತಿ!" ಎಂದ.

"ಅಣ್ಣಾರ... ಅದು ಕೆಟ್ಟೇತ್ರಿ," ಅಂದೆ.

"ಎಲ್ಲಿ ಕೆಟ್ಟೈತಿ ತಂಗಿ? ಭಾಳ ಶಾಣ್ಯಾ ಐತಿ. ಎಲ್ಲಾರೂ ಮ್ಯಾಲ ಬಂದ್ರಂದ್ರ ತಾನೂ ಮನಿಗೆ ಹೋಗತೈತಿ ನೋಡು!"

ಎಲ್ಲರೂ ನಕ್ಕರು. "ಕರೆಂಟ್ ಹೋದ್ರೂ ಪರದೆ ಹೋಗತೈತಲ್ರಿ?" ಎಂದು ಕೇಳಿದೆ.

ಸಂಗಣ್ಣನ ನಗು ನಿಂತಿತು. ಮೂಲೆಯಲ್ಲಿ ಕೈ ಒರೆಸುತ್ತಿದ್ದ ರಮಜಾನ್ ಮಾಮಾ ಮೆಲ್ಲಗೆ ಹೇಳಿದ: "ಮೊನ್ನೆ ಕರೆಂಟ್ ಹೋಗಿತ್ತಲ್ಲೋ. ನಾ ಇನ್ನೂ ನಿಚ್ಚಣಿಕಿ ಮ್ಯಾಲ ಇದ್ನಿ, ನೀ ಹಚ್ಚು ಅಂದಿ. ಬತ್ತಿ ಹಸಿ ಇತ್ತಂತ ಉಳದ್ನಿ. ಯಾಕ ಅವಸರ ಮಾಡಿದಿ ಅಂತ ಈಗ ತಿಳೀತು."

ಮನೆಗೆ ಬಂದು ಕಂಪ್ಯೂಟರ್ ಹಚ್ಚಿದಾಗ ಪರದೆಯ ಮೇಲೆ ದಿನವೂ ಇರುವ ಸಾಲೇ ಇತ್ತು: "ಕೆಳಗೆ ಇನ್ನೂ ಒಬ್ಬರಿದ್ದಾರೆ." ಪಕ್ಕದಲ್ಲಿ ನಿನ್ನ ಹೆಸರು. ಆಗ ಹೊಳೆಯಿತು. ಪರೀಕ್ಷೆಗೆ ಬರೆದ ಬೇರೆಲ್ಲ ಹೆಸರುಗಳನ್ನು ಅಳಿಸುತ್ತಿದ್ದೆ, ನಿನ್ನದನ್ನು ಮಾತ್ರ ಎಂದೂ ಮುಟ್ಟಿರಲಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಕ್ವಾರಿ ಎಂದೂ ಖಾಲಿಯಾಗಲಿಲ್ಲ. ನಿನ್ನ ಹೆಸರಿಲ್ಲದ ಉಳಿದ ಕಡೆ ಎಲ್ಲರೂ ಮೇಲೆ ಬರುತ್ತಿದ್ದರು. ಪ್ರೋಗ್ರಾಂ ಆಗಲೂ ಕೊನೆಯವರ ಹೆಸರು ಹುಡುಕುತ್ತಿತ್ತು. ಯಾರೂ ಸಿಗದೆ ಬೀಳುತ್ತಿತ್ತು. ಯಾರೂ ಇಲ್ಲದಿದ್ದರೆ ಏನು ಹೇಳಬೇಕೆಂದು ನಾನು ಅದಕ್ಕೆ ಕಲಿಸಿರಲೇ ಇಲ್ಲ.

ತಿದ್ದಲು ಒಂದೆರಡು ಸಾಲು ಸಾಕಾದವು. ಆದರೆ ಸರಿಯಾಗಿದೆಯೇ ಎಂದು ನೋಡಬೇಕಾದರೆ ನಿನ್ನನ್ನು... ಬೆರಳು ಏಳಲಿಲ್ಲ. ಹಿಂದೆ ಅವ್ವ ನಿಂತಿದ್ದಳು. ಅವಳಿಗೆ ಓದಲು ಬರುವುದು ನಿನ್ನ ಹೆಸರೊಂದೇ ಅಲ್ಲವೇ?

"ಇನ್ನೂ ಕೆಳಗ ಇಟ್ಟಿಯೇನ ಅವನ್ನ?" ಎಂದಳು. "ಸಾಕವ್ವಾ. ಮ್ಯಾಲ ಕರಿ."

ಒತ್ತಿದೆ. ಪರದೆ ಬೀಳಲಿಲ್ಲ. "ಕೆಳಗೆ ಯಾರೂ ಇಲ್ಲ" ಎಂದು ಹಸಿರಾಯಿತು. ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇವತ್ತು ಬೆಳಿಗ್ಗೆ ಹೊಸದನ್ನು ಸಂಗಣ್ಣನ ಕಂಪ್ಯೂಟರಿಗೆ ಹಾಕಿ, ಹಸಿರು ಕಾಣದೆ ಬತ್ತಿ ಮುಟ್ಟಬೇಡಿ ಎಂದು ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. "ಹಳೇದು ನನ್ನೊಬ್ಬನ ಕಡೆ ಅಷ್ಟ ಇಲ್ಲ ತಂಗಿ. ಪೆನ್‌ಡ್ರೈವ್‌ನ್ಯಾಗ ಹಾಕ್ಕೊಂಡು ಬ್ಯಾರೆ ಕ್ವಾರಿ ಮಂದಿ ಒಯ್ದಾರ. ಬಿತ್ತಂದ್ರ ಬತ್ತಿ ಹಚ್ರಿ ಅಂತ ನಾನ ಹೇಳಿ ಕೊಟ್ಟೇನಿ."

"ಯಾರ್ಯಾರ್ರಿ?"

"ನೆನಪಿಲ್ಲ."

ಮನೆಗೆ ಬಂದು ನಿನಗೆ ಇದನ್ನು ಬರೆಯಲು ಕೂತೆ. ನಾಳೆಯಿಂದ ಒಂದೊಂದೇ ಕ್ವಾರಿಗೆ ಹೋಗಿ ಹೇಳುತ್ತೇನೆ, ನಾಚದೆ ಹೇಳುತ್ತೇನೆ ಎಂದು ನಿನಗೆ ಮಾತು ಕೊಡಬೇಕೆಂದಿದ್ದೆ. ಈಗ ಗುಡ್ಡದ ಆಚೆ ಮದ್ದು ಹಾರಿದ ಸದ್ದಾಯಿತು. ಗೂಡಿನಲ್ಲಿದ್ದ ಲೋಟಗಳು ಅಲುಗಿದವು. ಫ್ಯಾನು ತಿರುಗುತ್ತಿಲ್ಲ, ಕರೆಂಟ್ ಯಾವಾಗ ಹೋಯಿತೋ ನಾನು ನೋಡಿರಲಿಲ್ಲ.

ನಾಳೆ ಅಂದೆನಲ್ಲ, ಅದು ಬೇಡ ಅಪ್ಪಾ. ಈಗಲೇ ಹೊರಟೆ.

ನಿನ್ನ ರತ್ನಾ