ತಮಟೆ ಬಿಸಿಲಿಗಿಟ್ಟಿದ್ದೀನಿ

ರೀ,

ಎದ್ದ ಮೇಲೆ ಕಾಫಿ ನೀವೇ ಬಿಸಿ ಮಾಡ್ಕೊಳ್ಳಿ. ಗ್ಯಾಸ್ ಆಫ್ ಮಾಡಿ.

ನಿಮ್ಮ ಫುಟ್‌ಬಾಲ್ ಟೀಮು ಸತತ ಒಂಬತ್ತನೇ ಸಲ ಸೋತಿದ್ದಕ್ಕೆ, ಇನ್ನು ಆ ಮೈದಾನದ ಕಡೆ ತಲೆ ಹಾಕಿಯೂ ಮಲಗಲ್ಲ ಅಂದ್ರಿ. ಸಂತೋಷ. ಆದ್ರೆ ಟೀಮಿನ ಮಫ್ಲರಲ್ಲಿ ಸ್ಕೂಟರ್ ಒರೆಸಿದ್ದು ಸರಿಯಲ್ಲ. ಒಗೆದು ನಾನೇ ಹಾಕ್ಕೊಂಡು ಇವತ್ತಿನ ಮ್ಯಾಚಿಗೆ ಯಲಹಂಕಕ್ಕೆ ಹೊರಟಿದ್ದೀನಿ. ಇಲ್ದಿದ್ರೆ ನಮ್ಮ ಕಡೆ ಗೋಲ್‌ಕೀಪರ್ ಹುಡುಗನ ತಾಯಿ ಒಬ್ಬರೇ ಕೂತಿರ್ತಾರೆ.

ಹನ್ನೆರಡು ವರ್ಷ ಆ ಟೀಮನ್ನ ಬೈದವಳು ನಾನೇ, ಗೊತ್ತು. ಆದ್ರೆ ಸೋಲೋರ ಜೊತೆ ಇರೋದು ನನಗೆ ಮದುವೆಯಾದಾಗಿಂದ ಅಭ್ಯಾಸ.

ಮ್ಯಾಚು ನಾಲ್ಕಕ್ಕೆ. ನಿಮ್ಮನ್ನ ಬನ್ನಿ ಅಂತಿಲ್ಲ.

ಕಾಯದಿದ್ರೆ ಮ್ಯಾಚಲ್ಲಿ ತಮಟೆ ಸದ್ದು ಮಾಡಲ್ಲ ಅಂತಿದ್ರಲ್ಲ, ಅಟ್ಟದಿಂದ ಇಳಿಸಿ ಟೆರೇಸಲ್ಲಿ ಬಿಸಿಲಿಗಿಟ್ಟಿದ್ದೀನಿ. ಮೂರೂವರೆಗೆ ನೆರಳು ಬರುತ್ತೆ, ಅಷ್ಟರೊಳಗೆ ತಗೊಳ್ಳಿ.

ಮಂಜುಶ್ರೀ