ಆರು ಸಾವಿರದ ಆಚೆಯ ಮಣ್ಣು

ಹೆಲ್ಲೇಬಿ ಇಟ್ಟಿಗೆಗೂಡು, ಉತ್ತರ ಸ್ವೀಡನ್
ಜುಲೈ 1911

ಅಪ್ಪಾ,

ಸಿಟ್ಟಿನಲ್ಲಿ ಎರಡು ಪೆನ್ಸಿಲ್ ಮುರಿದಿದ್ದೇನೆ, ಇದು ಮೂರನೆಯದು. "ಭೂಮಿಗೆ ಆರು ಸಾವಿರ ವರ್ಷ. ಒಂದೇ ಒಂದು ವರ್ಷ ಹೆಚ್ಚಿಗೆ ತೋರಿಸು, ಪ್ರಸಂಗ ನಿಲ್ಲಿಸಿ ಚರ್ಚಲ್ಲೇ ಒಪ್ಕೋತೀನಿ" ಅಂದಿದ್ದಿರಲ್ಲ? ಹಿಮ ಕರಗಿದ ನೆರೆ ಇಲ್ಲಿ ವರ್ಷಕ್ಕೊಂದು ಪದರ ಜೇಡಿಮಣ್ಣು ಬಿಟ್ಟು ಹೋಗಿದೆ. ಗುಂಡಿಯಿಂದ ಗುಂಡಿಗೆ ಪದರ ಹೊಂದಿಸಿ ಇಂದಿನಿಂದ ಹಿಂದಕ್ಕೆ ಎಣಿಸುತ್ತ ನಾವು ವಿದ್ಯಾರ್ಥಿಗಳು 5,940ಕ್ಕೆ ಬಂದಿದ್ದೆವು. ಇಟ್ಟಿಗೆಗೆ ಮಣ್ಣು ತೆಗೆಯುವ ಈ ಗುಂಡಿಯ ಕೊನೆಯ ಗೋಡೆಯಲ್ಲಿ ಅದಕ್ಕೂ ಹಳೆಯ ಇನ್ನೂರು ಪದರಗಳಿದ್ದವು. ನನಗೆ ಅರವತ್ತೊಂದು ಸಾಕಿತ್ತು! ಗುರುತು ಹಾಕಿಕೊಳ್ಳಲು ಗೋಡೆಗೆ ಉದ್ದನೆಯ ಕಾಗದದ ಪಟ್ಟಿ ಚುಚ್ಚಿ ಊಟಕ್ಕೆ ಹೋದೆ. ಬಂದು ನೋಡಿದರೆ ಗೋಡೆಯೇ ಇಲ್ಲ, ಅದರ ಹಿಂದಿದ್ದ ಬೋಳು ಬಂಡೆ ಮಾತ್ರ.

ಮೇಸ್ತ್ರಿ ಆಲ್ಗೋಟ್ ಪಟ್ಟಿಯನ್ನು ನೀಟಾಗಿ ಸುತ್ತಿ ಕೈಗೆ ಕೊಟ್ಟ. "ಕಾಗದ ಚುಚ್ಚಿದೋರು ನೀವೇ ಅಲ್ವೇನಮ್ಮ? ನಮ್ಮಲ್ಲಿ ಕಾಗದ ಚುಚ್ಚಿದ್ರೆ ಒಳ್ಳೆ ಮಣ್ಣು, ಮೊದಲು ಅಗೀಬೇಕು ಅಂತ. ನಿಮಗೋಸ್ಕರ ಊಟಾನೂ ಬಿಟ್ಟು ಅಗೆದ್ವಿ."

"ಇನ್ನೂರು ವರ್ಷ ಅಗೆದು ಹಾಕಿದ್ರಲ್ರೀ!" ಎಂದು ಕಿರುಚಿದೆ.

"ಅಷ್ಟೇನಿಲ್ಲಮ್ಮ, ಎರಡು ಗಂಟೇಲಿ ಮುಗೀತು" ಎಂದ.

ಮಣ್ಣೆಲ್ಲ ಆಗಲೇ ಕಲಸಿ ಅಚ್ಚಿಗೆ ಹೋಗಿದೆ. ನನ್ನ ಕೆಮ್ಮು ವಾಸಿ. ಉಣ್ಣೆಯ ಕಾಲುಚೀಲ ಕಳಿಸಿ.

ಈ ಇಟ್ಟಿಗೆ ಯಾವೂರಿಗೆ ಎಂದು ಕೇಳಿದೆ. ನಮ್ಮೂರ ಚರ್ಚಿಗಂತೆ, ನೀವು ನಿಂತು ಪ್ರಸಂಗ ಮಾಡುವ ಹೊಸ ಕಟ್ಟೆಗೆ! ಇನ್ನು ಪ್ರತಿ ಭಾನುವಾರ ಅದರ ಮೇಲೆಯೇ ನಿಂತು ಹೇಳಿ, ಆರು ಸಾವಿರ ಅಂತ.

ಥೀರಾ